ಹೆಸರು ಹಾಕುವ ಹೊಣೆ



ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆ ಶಿಲ್ಪಗಳ ಚೆಲುವು ನೋಡಿ, ಫೋಟೊ ತೆಗೆದುಕೊಂಡು ಮುಂದೆ ಹೋಗುವವರೇ ಹೆಚ್ಚು. ಕತ್ತೆತ್ತಿ ಇನ್ನೂ ಸ್ವಲ್ಪ ಹೊತ್ತು ನಿಂತರೆ ಅವುಗಳ ಪೀಠದಲ್ಲಿ ಸಣ್ಣ ಅಕ್ಷರಗಳು ಕಾಣುತ್ತವೆ. ಅವು ಕೆತ್ತಿದವರ ಹೆಸರುಗಳು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲೂ, ಆಮೇಲೆ ಎದ್ದ ಹಳೇಬೀಡಿನ ಗುಡಿಯಲ್ಲೂ ಶಿಲ್ಪಿಗಳು ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಕೆಲವರು ಬಿರುದುಗಳನ್ನೂ ಸೇರಿಸಿದ್ದಾರೆ. ಅದರಲ್ಲಿ ಜಂಬವೂ ಉಂಟು. ಇರಲಿ ಬಿಡಿ, ಕೆಲಸ ಕಣ್ಣೆದುರಿಗೇ ಇದೆಯಲ್ಲ!

ಹೆಸರು ಹಾಕುವ ಮಾತು ಈಗ ಇನ್ನೊಂದು ಕಡೆಯೂ ಬರುತ್ತದೆ. ಇದೇ ಸೀಮೆಯ ಮಕ್ಕಳು ಈಗ ಡಾಕ್ಟರಾಗುತ್ತಿದ್ದಾರೆ. ಹಾಸನದಲ್ಲೇ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅರಸೀಕೆರೆಯಲ್ಲಿ ರೈಲು ಹತ್ತಿದವರು ಬೆಂಗಳೂರು ದಾಟಿ, ಹೆಚ್ಚಿನ ತರಬೇತಿಗೆ, ಫೆಲೋಶಿಪ್‌ಗೆ ಅಂತ ಸಮುದ್ರವನ್ನೂ ದಾಟುತ್ತಾರೆ. ಇಲ್ಲಿಯ ಸೂಪರ್ ಸ್ಪೆಷಾಲಿಟಿ ಕೋರ್ಸುಗಳಾದ ಡಿಎಂ, ಎಂಸಿಎಚ್ ಸೀಟಿಗೆ ನೀಟ್-ಎಸ್ಎಸ್ ಪರೀಕ್ಷೆಯ ರ‍್ಯಾಂಕೇ ನಿರ್ಣಾಯಕ. ಅಮೆರಿಕದ ಫೆಲೋಶಿಪ್‌ಗೆ ಅಂಕ ಒಂದೇ ಸಾಲದು, ಮೂರು ನಾಲ್ಕು ಶಿಫಾರಸು ಪತ್ರಗಳೂ ಬೇಕು. ಅವನ್ನು ಬರೆದವರೇ ನೇರ ಕಳಿಸಬೇಕು. ಪತ್ರ ನೋಡುವ ಹಕ್ಕು ತಮಗೆ ಬೇಡವೆಂದು ಅರ್ಜಿ ಹಾಕುವವರು ಮೊದಲೇ ಬರೆದುಕೊಡುವುದು ಅಲ್ಲಿಯ ರೂಢಿ.

ನಮ್ಮ ಕಡೆ ಶಿಫಾರಸು ಅಂದರೆ ಶಾಸಕರ ಲೆಟರ್‌ಹೆಡ್ ನೆನಪಾಗುತ್ತದೆ. ಆ ಚಾಳಿ ಆಸ್ಪತ್ರೆಯೊಳಗೂ ಬಂದಿದೆ. ಹುಡುಗರು ಹೆಸರುವಾಸಿ ಪ್ರೊಫೆಸರರ ಬಾಗಿಲಿಗೆ ಹೋಗುತ್ತಾರೆ. ಅವರೋ, “ನೀನೇ ಟೈಪ್ ಮಾಡ್ಕೊಂಡ್ ಬಾರಪ್ಪ, ಸೈನ್ ಹಾಕ್ತೀನಿ” ಅನ್ನುತ್ತಾರೆ. ಶ್ರಮಜೀವಿ, ಪ್ರಾಮಾಣಿಕ, ವಿನಯವಂತ ಅಂತ ಹುಡುಗ ತನ್ನನ್ನು ತಾನೇ ಹೊಗಳಿಕೊಂಡು ಬರುತ್ತಾನೆ. ಗುರುಗಳಿಗೆ ಅದು ಉಪಕಾರ ಅನ್ನಿಸಿರಬಹುದು. ನನ್ನನ್ನು ಕೇಳಿದರೆ ಅದು ಸುಳ್ಳು ಸಾಕ್ಷಿ. ಬೇಲೂರಿನ ಶಿಲ್ಪಿ ತಾನೇ ಕೆತ್ತಿದ್ದಕ್ಕೆ ಹೆಸರು ಹಾಕಿದ, ಇವರು ತಾವು ಬರೆಯದ ಮಾತಿಗೆ ಹಾಕುತ್ತಾರೆ.

ನಿಜವಾದ ಪತ್ರ ಹೀಗಿರುತ್ತದೆ: “ರಾತ್ರಿ ಎರಡು ಗಂಟೆಗೆ ಉಬ್ಬಸದ ರೋಗಿ ಬಂದರು. ಈಕೆ ಆಕ್ಸಿಜನ್ ಹಾಕಿಸಿ, ನನಗೆ ಫೋನ್ ಮಾಡಿ, ಮುಂದೇನು ಮಾಡಬೇಕೋ ಖಚಿತವಿಲ್ಲ ಸರ್, ಬನ್ನಿ ಅಂದಳು.” ಇಂಥ ಎರಡು ಸಾಲು ಬರೆಯಬೇಕಾದರೆ ಆ ರಾತ್ರಿ ಅಲ್ಲಿ ಇದ್ದವರೇ ಆಗಬೇಕು. ಗೊತ್ತಿಲ್ಲ ಅನ್ನುವ ಧೈರ್ಯ ಆ ಹುಡುಗಿಗಿದೆ ಎಂಬುದು ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ. ಮುಂದೆ ಅವಳ ಕೈಗೆ ಯಾರದೋ ತಾಯಿ, ಯಾರದೋ ಮಗು ಜೀವ ಒಪ್ಪಿಸುತ್ತಾರೆ. ಪತ್ರ ಓದುವವರು ಹುಡುಕುವುದು ಆ ಧೈರ್ಯವನ್ನೇ.

ಹಾಗಾಗಿ ಪತ್ರ ಕೇಳುವ ಮಕ್ಕಳೇ, ದೊಡ್ಡ ಕುರ್ಚಿ ಹುಡುಕಬೇಡಿ, ನಿಮ್ಮ ಕೆಲಸ ಕಂಡವರನ್ನು ಕೇಳಿ. ಕಡೇ ಗಳಿಗೆಯಲ್ಲಿ ಓಡಬೇಡಿ, ತಿಂಗಳು ಮೊದಲೇ ಹೋಗಿ. “ಆಗಲ್ಲಪ್ಪ” ಅನ್ನಲು ಅವರಿಗೂ ಅವಕಾಶ ಇರಲಿ. ಗುರುಗಳಲ್ಲೂ ಒಂದು ಮನವಿ: ಆ ಹುಡುಗನ ಕೆಲಸ ನೀವು ನೋಡಿಲ್ಲವಾದರೆ ಹಾಗೆಂದು ಅವತ್ತೇ ಹೇಳಿಬಿಡಿ. ಇನ್ನೊಬ್ಬರನ್ನು ಕೇಳಲು ಅವನಿಗೆ ಹೊತ್ತಾದರೂ ಉಳಿಯುತ್ತದೆ.