ಬೆಂಕಿ ಬೀಳುವ ಮೊದಲೇ ಬಾವಿ



‘ವಿತ್ತ ನೀತಿ’ ಎಂದರೆ ದೊಡ್ಡ ಮಾತು ಅನಿಸುತ್ತದೆ. ಸರ್ಕಾರ ಎಲ್ಲಿಂದ ಹಣ ತರುತ್ತದೆ, ಯಾವುದಕ್ಕೆ ಖರ್ಚು ಮಾಡುತ್ತದೆ ಎನ್ನುವುದೇ ಅದು. ಮನೆ ನಡೆಸುವ ನಮಗೆ ಇದು ಹೊಸದಲ್ಲ. ಆದರೆ ಒಂದು ವ್ಯತ್ಯಾಸವಿದೆ. ಆದಾಯ ಕುಸಿದಾಗ ನಾವು ಕೈ ಬಿಗಿ ಹಿಡಿಯುತ್ತೇವೆ. ಸರ್ಕಾರವೂ ಹಾಗೇ ಮಾಡಿದರೆ, ಕೆಲಸ ಕಳೆದುಕೊಂಡವರಿಗೆ ಎರಡನೇ ಪೆಟ್ಟು ಬೀಳುತ್ತದೆ.

ಇಂಡೋನೇಷ್ಯಾದ ಕಥೆ ನೋಡಿ. 1997ರ ಮಧ್ಯದಲ್ಲಿ ಒಂದು ಡಾಲರಿಗೆ ಸುಮಾರು 2,400 ರುಪಿಯಾ ಇತ್ತು. 1998ರ ಜನವರಿಯಲ್ಲಿ ಅದು 10,000 ದಾಟಿತು. ಸಾಲ ಕೊಡಲು ಬಂದ ಅಂತಾರಾಷ್ಟ್ರೀಯ ಹಣಕಾಸು ನಿಧಿ ಮೊದಲು ಕೇಳಿದ್ದು, ಬಜೆಟ್ಟಿನಲ್ಲಿ ಹಣ ಉಳಿಸಿ ತೋರಿಸಿ ಎಂದು. 1998ರಲ್ಲಿ ಆರ್ಥಿಕತೆ ಶೇ. 13ರಷ್ಟು ಕುಗ್ಗಿತು. ಅಕ್ಕಿ ಕೈಗೆಟುಕದಾಯಿತು. ಮೇ ತಿಂಗಳಲ್ಲಿ ಇಂಧನದ ಬೆಲೆ ಏರಿಸಿದ ಬೆನ್ನಿಗೇ ಗಲಭೆಗಳಾಗಿ ಅಧ್ಯಕ್ಷ ಸುಹಾರ್ತೋ ಅಧಿಕಾರ ಬಿಟ್ಟರು. ಪಟ್ಟು ಸಡಿಲಿಸುತ್ತಾ ಬಂದ ನಿಧಿ, ಜೂನ್ ಹೊತ್ತಿಗೆ ದೊಡ್ಡ ಕೊರತೆ ಬಜೆಟ್ಟಿಗೆ ಒಪ್ಪಿತು. ಜುಲೈನಲ್ಲಿ ಬಡವರಿಗೆ ಅಗ್ಗದ ಅಕ್ಕಿ ಬಂತು. ಆಮೇಲೆ ಶಾಲಾ ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಸಾಧ್ಯವಾದರೆ ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಸಲ್ಲಬೇಕೆಂಬ ಸೂಚನೆಯೂ ಇತ್ತು.

ಆದರೆ ಬಡವರು ಯಾರು? ಸರಿಯಾದ ಪಟ್ಟಿಯೇ ಇರಲಿಲ್ಲ. ಕುಟುಂಬ ಯೋಜನೆಯವರ ಬಳಿ ಇದ್ದ ಪಟ್ಟಿಯನ್ನೇ ಹಿಡಿದು ಹಂಚಿದರು. ಹೊಸದಾಗಿ ಕೆಲಸ ಹೋದ ಎಷ್ಟೋ ಮಂದಿಯ ಹೆಸರು ಅದರಲ್ಲಿರಲಿಲ್ಲ. ಅನೇಕ ಹಳ್ಳಿಗಳಲ್ಲಿ ಜಗಳವೇ ಬೇಡವೆಂದು ಎಲ್ಲರಿಗೂ ಸಮಪಾಲು ಮಾಡಿದರು. ತೀರಾ ಬಡವರ ಪಾಲು ಕರಗಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯಿತು.

2020ರಲ್ಲಿ ನಮ್ಮಲ್ಲಿ ಬಿಕ್ಕಟ್ಟು ತಂದದ್ದು ರೋಗ. ಆಗ ಏಪ್ರಿಲ್‌ನಿಂದ ಮೂರು ತಿಂಗಳು, ಸುಮಾರು 20 ಕೋಟಿ ಮಹಿಳೆಯರ ಜನಧನ ಖಾತೆಗಳಿಗೆ ತಿಂಗಳಿಗೆ 500 ರೂಪಾಯಿ ಬಂತು. ಮೊತ್ತ ಸಣ್ಣದು, ನಿಜ. ಆದರೆ 2014ರಿಂದಲೇ ಖಾತೆ ತೆರೆಸಿದ್ದರಿಂದ ಹಣ ಹರಿಯಲು ಕಾಲುವೆ ಇತ್ತು. ಪಡಿತರಕ್ಕೂ ವ್ಯವಸ್ಥೆ ಇತ್ತು. ಆದರೂ ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಬಂದ ಎಷ್ಟೋ ಜನರ ರೇಷನ್ ಕಾರ್ಡು ಊರಲ್ಲೇ ಉಳಿದಿತ್ತು. ಯಾವ ರಾಜ್ಯದಲ್ಲಾದರೂ ಪಡಿತರ ಪಡೆಯುವ ಸೌಲಭ್ಯ ಆಗಷ್ಟೇ ಶುರುವಾಗಿತ್ತು. ದೇಶವಿಡೀ ಬಂದದ್ದು 2022ಕ್ಕೆ.

ಬಜೆಟ್ ಬರೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಹೆಸರಿನಲ್ಲಿ ಖಾತೆ ಇದೆಯೇ, ಅದು ಚಾಲ್ತಿಯಲ್ಲಿದೆಯೇ, ಇ-ಶ್ರಮ್ ನೋಂದಣಿ ಆಗಿದೆಯೇ, ಊರಿನ ಕಾರ್ಡಿಗೆ ಇಲ್ಲೇ ಅಕ್ಕಿ ಸಿಗುತ್ತದೆಂದು ಆಕೆಗೆ ಗೊತ್ತೇ, ಇಷ್ಟನ್ನು ಕೇಳಬಹುದು. ಅರ್ಜಿ ತುಂಬಲು ಒಂದು ಗಂಟೆ ಕೊಡಬಹುದು. ಮುಂದಿನ ಕಷ್ಟಕಾಲ ಹೇಳಿ ಬರುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ ಆಗ ನೆರವು ಬೇಗ ತಲುಪುತ್ತದೆ. ಈ ಕೆಲಸವನ್ನು ನಮ್ಮ ವಿಭಾಗ ಈ ವರ್ಷವೇ ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.