ಬರೆಯುವುದು ಇಂದು, ಕೊಡುವುದು ಕೊನೆಗೆ

(ಸಂಘದ ಹಿರಿಯ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಸಾಹಿತ್ಯ, ಯಕ್ಷಗಾನ, ಗಡಿಸಮಸ್ಯೆಗಳ ಮಾತು ಕೇಳಿ ಅಭ್ಯಾಸವಾದವರಿಗೆ ಇಂದಿನ ವಿಷಯ ಅಮಂಗಳಕರವೆಂದು ತೋರಬಹುದು. ಉಯಿಲಿನ ಮಾತೆತ್ತಿದರೆ ಆಯುಷ್ಯ ಕುಂದುತ್ತದೆಂಬ ಅಳುಕು ನಮ್ಮ ಮನೆಗಳಲ್ಲಿದೆ. ಸರ್ಕಾರಿ ನೌಕರನ ಜನ್ಮದಿನಾಂಕವನ್ನು ಸೇವಾಪುಸ್ತಕದಲ್ಲಿ ಬರೆದಂದೇ ಅವನ ನಿವೃತ್ತಿಯ ದಿನವೂ ಗೊತ್ತಾಗಿಬಿಡುತ್ತದೆ. ಹಾಗೆ ಗೊತ್ತಾದ ಕಾರಣಕ್ಕೆ ಯಾರೂ ಒಂದು ದಿನ ಮುಂಚಿತವಾಗಿ ನಿವೃತ್ತರಾಗಿಲ್ಲ.

ನಾನು ವಕೀಲನಲ್ಲ. ಕೇಂದ್ರ ಸರ್ಕಾರದ ಅಧಿಕಾರಿಯಾಗಿ ಮೂವತ್ತು ವರ್ಷ ಪರರ ಕಡತಗಳನ್ನು ನೋಡಿದವನು. ಸ್ವಂತ ಮನೆಯ ಕಡತವೊಂದನ್ನು ಕಡೆಗಣಿಸಿದವನು. ಆ ತಪ್ಪನ್ನೇ ಮೊದಲು ನಿವೇದಿಸುತ್ತೇನೆ.

ನನ್ನ ಚಿಕ್ಕಮ್ಮ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದರು. ಚಿಕ್ಕ ವಯಸ್ಸಿನಲ್ಲೇ ಪತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಬಳದಲ್ಲಿ ಉಳಿಸಿದ ಹಣದಿಂದ ಉಪನಗರದ ಸಹಕಾರಿ ಹೌಸಿಂಗ್ ಸೊಸೈಟಿಯೊಂದರಲ್ಲಿ ಎರಡು ಕೋಣೆಯ ಮನೆ ಕೊಂಡರು. ಕೊನೆಯ ಆರು ವರ್ಷ ನನ್ನ ತಂಗಿ ಜೊತೆಗಿದ್ದು ಅವರ ಸೇವೆ ಮಾಡಿದಳು. ಮನೆ ಅವಳಿಗೇ ಸೇರಬೇಕೆಂಬುದು ಚಿಕ್ಕಮ್ಮನ ಇಚ್ಛೆಯಾಗಿತ್ತು. ಸೊಸೈಟಿಯಲ್ಲಿ ಅವಳನ್ನೇ ನಾಮಿನಿ ಮಾಡಿದ್ದರು. “ಒಂದು ಉಯಿಲು ಬರೆದುಕೊಡಪ್ಪಾ” ಎಂದು ನನ್ನನ್ನು ಎರಡು ಬಾರಿ ಕೇಳಿದರು. “ನಾಮಿನೇಶನ್ ಇದೆಯಲ್ಲ ಚಿಕ್ಕಮ್ಮ, ಏನವಸರ?” ಎಂದೆ. 2014ರಲ್ಲಿ ಅವರು ತೀರಿಕೊಂಡರು.

ಷೇರು ಸರ್ಟಿಫಿಕೇಟು ತಂಗಿಯ ಹೆಸರಿಗೆ ಬಂತು, ಮನೆ ಬರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಉಯಿಲು ಬರೆಯದೆ ಗತಿಸಿದ ಹಿಂದೂ ಸ್ತ್ರೀಗೆ ಪತಿಯಾಗಲಿ ಮಕ್ಕಳು ಮೊಮ್ಮಕ್ಕಳಾಗಲಿ ಇಲ್ಲದಿದ್ದರೆ, ಅವಳ ಸ್ವಯಾರ್ಜಿತ ಆಸ್ತಿ ಪತಿಯ ವಾರಸುದಾರರಿಗೆ ಸಲ್ಲುತ್ತದೆ. ಹೆತ್ತ ತಾಯಿ ಬದುಕಿದ್ದರೂ ಅವಳ ಸರದಿ ಆ ಬಳಿಕವೇ. ತಂದೆತಾಯಿಯರಿಂದ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ಮರಳುತ್ತದೆ. ಚಿಕ್ಕಮ್ಮನನ್ನು ನಲವತ್ತು ವರ್ಷ ಕಣ್ಣೆತ್ತಿ ನೋಡದಿದ್ದ ಪತಿಯ ಸೋದರನ ಮಕ್ಕಳು ಬಂದರು. ಅವರು ದುಷ್ಟರಲ್ಲ, ಕಾನೂನು ಕೊಟ್ಟುದನ್ನು ಕೇಳಿದರು. ತಂಗಿ ಎರಡು ಪೆಟ್ಟಿಗೆಗಳೊಡನೆ ನನ್ನ ಮನೆಗೆ ಬಂದಳು. ಅವಳು ನನ್ನನ್ನು ಇಂದಿಗೂ ಒಂದು ಮಾತು ಅಂದಿಲ್ಲ. ಅದೇ ನನಗೆ ಭಾರ.

ಆದುದರಿಂದ ನನ್ನ ಮೊದಲನೆಯ ಮಾತು: ನಾಮಿನಿ ಸಾಮಾನ್ಯವಾಗಿ ಪಡೆದುಕೊಳ್ಳುವವನು, ಒಡೆಯನಲ್ಲ. ಸರ್ವೋಚ್ಚ ನ್ಯಾಯಾಲಯ ಜೀವವಿಮೆಯ ಬಗ್ಗೆ 1984ರಲ್ಲೂ ಕಂಪನಿ ಷೇರುಗಳ ಬಗ್ಗೆ 2023ರಲ್ಲೂ ಇದನ್ನೇ ಹೇಳಿತು. ವಿಮೆಯ ಮಟ್ಟಿಗೆ 2015ರ ತಿದ್ದುಪಡಿ ತಂದೆತಾಯಿ, ಪತಿಪತ್ನಿ, ಮಕ್ಕಳು ನಾಮಿನಿಗಳಾದಾಗ ಹಣದ ಹಕ್ಕನ್ನೂ ಅವರಿಗೇ ಕೊಟ್ಟಿದೆ. ಬ್ಯಾಂಕಿನ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ನಾಮನಿರ್ದೇಶನ ಬೇಕು, ಆದರೆ ಅದು ಉಯಿಲಿಗೆ ಬದಲಿಯಲ್ಲ. ನನ್ನಂತಹ ನೌಕರರು ಇನ್ನೊಂದನ್ನು ನೆನಪಿಡಬೇಕು: ಕುಟುಂಬ ಪಿಂಚಣಿ ನಿಯಮದಂತೆ ಸಲ್ಲತಕ್ಕದ್ದು, ಅದನ್ನು ಉಯಿಲಿನಲ್ಲಿ ಹಂಚಲಾಗದು.

ಇದನ್ನು ಕೇಳಿ “ಹಾಗಾದರೆ ಈಗಲೇ ದಾನಪತ್ರ ಮಾಡಿಬಿಡುತ್ತೇನೆ” ಎನ್ನುವವರುಂಟು. ಎರಡನೆಯ ಮಾತು ಅವರಿಗೆ: ದಯವಿಟ್ಟು ಅವಸರಪಡಬೇಡಿ. ದಾನಪತ್ರ ನೋಂದಣಿಯಾದ ಮೇಲೆ ಮನೆ ನಿಮ್ಮದಲ್ಲ. ಉಯಿಲಾದರೋ ಕೊನೆಯುಸಿರಿನವರೆಗೆ ನಿಮ್ಮ ಕೈಯಲ್ಲಿರುತ್ತದೆ. ಎಷ್ಟು ಬಾರಿಯಾದರೂ ಬದಲಿಸಬಹುದು. ಕೊಟ್ಟೇ ತೀರಬೇಕೆಂದಿದ್ದರೆ, ಪಡೆದವರು ನಿಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲೇ ಬರೆಯಿಸಿ. ಹಾಗಿದ್ದಲ್ಲಿ, ಅವರು ತಪ್ಪಿದಾಗ, ಹಿರಿಯ ನಾಗರಿಕರ 2007ರ ಕಾಯಿದೆಯ 23ನೆಯ ಕಲಮಿನಂತೆ ದಾನವನ್ನು ರದ್ದುಪಡಿಸಬಹುದು. ಷರತ್ತು ಇತ್ತೆಂದು ತೋರಿಸಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿಯಲ್ಲಿ ಈ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದೂ, ನ್ಯಾಯಮಂಡಳಿ ಮನೆಯನ್ನು ಮರಳಿ ಕೊಡಿಸಬಹುದೆಂದೂ ತೀರ್ಪಿತ್ತಿತು. ಆದರೂ ಬರೆದ ಒಂದು ಸಾಲು ನಿಮ್ಮನ್ನು ಎಷ್ಟೋ ಅಲೆದಾಟದಿಂದ ಉಳಿಸೀತು.

ಇದೇ ಕಾಯಿದೆಯಂತೆ 60 ದಾಟಿದ ನಿರ್ಗತಿಕ ಹಿರಿಯರು ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಕೇಳಬಹುದು. ಕಾಯಿದೆಯಲ್ಲಿರುವ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಹೊರನಾಡಿನವರಾದ ನಮಗೆ ಮುಖ್ಯವಾದ ಅಂಶವೊಂದಿದೆ: ಹಿರಿಯರು ತಾವಿರುವ ಜಿಲ್ಲೆಯಲ್ಲೂ ಅರ್ಜಿ ಕೊಡಬಹುದು, ಮಕ್ಕಳಿರುವ ಜಿಲ್ಲೆಯಲ್ಲೂ ಕೊಡಬಹುದು. ಮಗ ಮುಂಬಯಿಯಲ್ಲಿದ್ದಾನೆಂದು ಕುಂದಾಪುರದ ತಾಯಿ ರೈಲು ಹತ್ತಬೇಕಾಗಿಲ್ಲ.

ಇನ್ನು ಉಯಿಲು ಬರೆಯುವ ಕ್ರಮ. ಅದಕ್ಕೆ ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಕ್ಷೇಮ. ಇಬ್ಬರು ಸಾಕ್ಷಿಗಳು ನಿಮ್ಮ ರುಜುವನ್ನು ಕಂಡು, ನಿಮ್ಮೆದುರಿಗೇ ತಮ್ಮ ರುಜು ಹಾಕಬೇಕು. ಅವರು ನಿಮಗಿಂತ ಕಿರಿಯರಿರಲಿ, ಆಸ್ತಿಯಲ್ಲಿ ಪಾಲಿಲ್ಲದವರಿರಲಿ. ಇಳಿವಯಸ್ಸಿನವರು ವೈದ್ಯರ ಪ್ರಮಾಣಪತ್ರವನ್ನು ಜೊತೆಗಿಡುವುದು ಲೇಸು. ಊರಿನ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಲ್ಲಿರಿ. 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಸಮಪಾಲಿದೆಯೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅಳಿಯಸಂತಾನದ ಮನೆತನಗಳಿಗೆ 1956ರ ಕಾಯಿದೆಯಲ್ಲಿ ಬೇರೆಯೇ ವಿಧಿಗಳಿವೆ. ಅವರು ಬಲ್ಲ ವಕೀಲರನ್ನು ಕೇಳಿಯೇ ಬರೆಯಲಿ.

ಕೊನೆಯ ಮಾತು ಭಾಷೆಯದು. ಉಯಿಲು ಇಂಥದೇ ಭಾಷೆಯಲ್ಲಿರಬೇಕೆಂದು ಕಾನೂನು ಹೇಳಿಲ್ಲ; ಕನ್ನಡದಲ್ಲೇ ಬರೆಯಿರಿ. ನಮ್ಮ ಎಷ್ಟೋ ತಾಯಂದಿರು ಮರಾಠಿಯ, ಇಂಗ್ಲಿಷಿನ ಕಾಗದಗಳಿಗೆ “ಮಗ ಹೇಳಿದ” ಎಂದು ರುಜು ಹಾಕುತ್ತಾರೆ. ಓದಿ ತಿಳಿಯದ ಕಾಗದಕ್ಕೆ ರುಜು ಬೇಡ. ಹೊರನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಪ್ರತಿವರ್ಷ ನಿರ್ಣಯ ಸ್ವೀಕರಿಸುವ ನಮ್ಮ ಸಂಘ, ತಿಂಗಳಿಗೊಂದು ಭಾನುವಾರ ಹಿರಿಯರ ಕಾಗದಪತ್ರಗಳನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳುವ ಏರ್ಪಾಡು ಮಾಡಲೆಂದು ಕೋರುತ್ತೇನೆ. ಮೊದಲ ಭಾನುವಾರ ನಾನು ಬರುತ್ತೇನೆ. ಚಿಕ್ಕಮ್ಮನಿಗೆ ಬರೆದುಕೊಡದ ಆ ಒಂದು ಹಾಳೆಯ ಋಣ ನನ್ನ ಮೇಲಿದೆ.