ಎರಡು ರಂಗಗಳ ದುಡಿಮೆ

ಸಾರ್ವಜನಿಕ ರಂಗದ ನೌಕರಿ ಮೇಲೋ, ಖಾಸಗಿ ರಂಗದ ನೌಕರಿ ಮೇಲೋ ಎಂಬ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ವರ್ಷ ವರ್ಷವೂ ಕೇಳುತ್ತಿದ್ದರು. ಕನ್ನಡದ ಮೇಷ್ಟ್ರಿಗೆ ಕಾರ್ಖಾನೆಯ ಮಾತೇಕೆ ಎಂದು ನೀವು ಆಕ್ಷೇಪಿಸಬಹುದು. ನಾನಿರುವ ನಂದಿನಿ ಲೇಔಟಿಗೆ ಜಾಲಹಳ್ಳಿಯೂ ದೂರವಲ್ಲ, ಪೀಣ್ಯವೂ ದೂರವಲ್ಲ. ಮೊದಲನೆಯದು ಎಚ್.ಎಂ.ಟಿ., ಬಿ.ಇ.ಎಲ್.ಗಳ ನೆಲೆ, ಎರಡನೆಯದು ಸಣ್ಣ ಖಾಸಗಿ ಕಾರ್ಖಾನೆಗಳ ಬೀಡು. ಎರಡೂ ಕಡೆ ದುಡಿದವರು ನಮ್ಮ ಬೀದಿಗಳಲ್ಲಿ ನೆರೆಹೊರೆಯವರು.

1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಸ್ಥಾಪನೆಯಾದವು. ಅಲ್ಲಿಯ ಕಾರ್ಮಿಕನಿಗೆ ಸಂಬಳದ ಜೊತೆಗೆ ವಸತಿ, ಆಸ್ಪತ್ರೆ, ಕ್ಯಾಂಟೀನುಗಳ ಅನುಕೂಲವೂ ಒದಗಿತು. ನಾಳೆಯ ಭಯವಿಲ್ಲದವನಿಗೆ ಸಂಜೆಯೆಂಬುದು ಸ್ವಂತದ್ದಾಗುತ್ತದೆ. ಕಾರ್ಖಾನೆಗಳ ಕನ್ನಡ ಸಂಘಗಳು, ಅವುಗಳ ನಾಟಕ, ರಾಜ್ಯೋತ್ಸವಗಳು ಆ ಸಂಜೆಗಳ ಫಲ. ಈ ಕಾರ್ಮಿಕರೂ ಎಲ್ಲವನ್ನೂ ಕುಳಿತಲ್ಲಿಯೇ ಪಡೆದವರಲ್ಲ. ಸಂಬಳದ ಸಮಾನತೆಗಾಗಿ 1980-81ರಲ್ಲಿ 77 ದಿನ ಮುಷ್ಕರ ಹೂಡಿದ್ದರು.

ಆದರೆ ಭಯವಿಲ್ಲದ ಕಡೆ ತುಕ್ಕು ಹಿಡಿಯುವ ಅಪಾಯವೂ ಉಂಟು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಕೈಗಡಿಯಾರ ತಯಾರಿಸತೊಡಗಿದ ಎಚ್.ಎಂ.ಟಿ. ಮನೆಮಾತಾಯಿತು. ಕ್ವಾರ್ಟ್ಸ್ ಗಡಿಯಾರಗಳ ಕಾಲ ಬಂದಾಗ 1984ರಲ್ಲಿ ಹುಟ್ಟಿದ ಟೈಟನ್ ಅದನ್ನು ಹಿಂದಿಕ್ಕಿತು. 2016ರಲ್ಲಿ ಕೇಂದ್ರ ಸಂಪುಟವು ಎಚ್.ಎಂ.ಟಿ. ಕೈಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತಿತು.

ಇದರಿಂದ ಖಾಸಗಿಯವರೇ ಗೆದ್ದರೆಂದು ತೀರ್ಪು ಕೊಡುವುದು ಅವಸರದ ಮಾತಾದೀತು. ಟೈಟನ್ನಿನಲ್ಲಿ ಟಾಟಾ ಸಮೂಹದೊಡನೆ ತಮಿಳುನಾಡು ಸರ್ಕಾರದ ಸಂಸ್ಥೆಯೂ ಪಾಲುದಾರ. ಇತ್ತ ನಮ್ಮ ಎಚ್.ಎ.ಎಲ್. 1940ರಲ್ಲಿ ವಾಲಚಂದ್ ಹೀರಾಚಂದರ ಖಾಸಗಿ ಸಾಹಸವಾಗಿ, ಮೈಸೂರು ಸಂಸ್ಥಾನದ ಬೆಂಬಲದಿಂದ ಆರಂಭವಾದದ್ದು. ಎರಡು ರಂಗಗಳ ನಡುವಿನ ಗೋಡೆ ನಾವು ಭಾವಿಸಿದಷ್ಟು ಎತ್ತರವಾಗಿಲ್ಲ.

ಇಂದು ಎತ್ತರವಾಗುತ್ತಿರುವುದು ಬೇರೊಂದು ಗೋಡೆ. ಅದು ಕಾಯಂ ನೌಕರನಿಗೂ ಗುತ್ತಿಗೆಯವನಿಗೂ ನಡುವೆ ಎದ್ದಿರುವುದು. ಸರ್ಕಾರಿ ಉದ್ಯಮವೂ ಇದಕ್ಕೆ ಹೊರತಲ್ಲ. ಒಂದೇ ಸೂರಿನಡಿ ಒಂದೇ ಬಗೆಯ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ನಿವೃತ್ತಿಯವರೆಗೆ ನೆಲೆ. ಇನ್ನೊಬ್ಬನಿಗೆ ಗುತ್ತಿಗೆ ಮುಗಿಯುವವರೆಗೆ ಮಾತ್ರ.

ಆದುದರಿಂದ ಕೇಳುವ ತರುಣರಿಗೆ ನನ್ನ ಉತ್ತರ ಇಷ್ಟೇ: ಮಾಲೀಕ ಯಾರೆಂಬುದಕ್ಕಿಂತ ಮೊದಲು ಎರಡು ಸಂಗತಿಗಳನ್ನು ವಿಚಾರಿಸಿ. ಅಲ್ಲಿ ದುಡಿಯುವವನಿಗೆ ಭದ್ರತೆಯುಂಟೆ? ದುಡಿಮೆಗೆ ಲೆಕ್ಕ ಕೇಳುವವರುಂಟೆ? ಸರ್ಕಾರದ ಕೆಲಸ ದೇವರ ಕೆಲಸವೆಂದು ವಿಧಾನಸೌಧದ ಮೇಲೆ ಕೆತ್ತಿದ್ದೇವೆ. ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ದಿನವಿಡೀ ನಿಲ್ಲುವವನ ಕೆಲಸವೂ ಅದಕ್ಕಿಂತ ಕಡಿಮೆಯದಲ್ಲ.